ಗುರುವಾರ ಕರೆತರುತ್ತೇನೆ

ಕ್ಯಾತನಹಳ್ಳಿ,
ಮಂಗಳವಾರ

ಭಾವನಾ ಮೇಡಂ ಅವರಿಗೆ ದೊಡ್ಡತಾಯಮ್ಮನ ನಮಸ್ಕಾರ.

ಮರೆವಿನ ಕಾಯಿಲೆಯ ನಮ್ಮ ಯಜಮಾನರು ಚಿಕ್ಕಸ್ವಾಮಿಯವರನ್ನು ಇನ್ನು ನಿಮ್ಮ ಆರೈಕೆ ಕೇಂದ್ರಕ್ಕೆ ಕರೆತರಬೇಡಿ ಎಂದು ಫೋನಿನಲ್ಲಿ ಹೇಳಿದಿರಿ. ಹೋದ ಗುರುವಾರ ಅವರು ನಿಮ್ಮಲ್ಲಿಗೇ ಬರುವ ಇಂದಿರಮ್ಮನವರನ್ನು ಎಳೆದು ಬೀಳಿಸಿದ್ದು ನಿಜ. ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಇವರು ಮೂವತ್ತು ವರ್ಷ ನಾಲೆಯ ಮೇಲೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿದ್ದವರು. ಯಾಕೆ ಎಳೆದಿರಿ ಎಂದು ಕೇಳಿದರೆ, "ಆವಮ್ಮ ನಾಲೆಗೆ ಬೀಳ್ತಿತ್ತು ಕಣಮ್ಮಿ, ನೋಡ್ಕಂಡು ನಿಂತಿರಾದಾ?" ಅಂದರು. ಅಲ್ಲಿದ್ದದ್ದು ನೆಲ ಒರೆಸಿದ ನೀರು.

ಇನ್ನೊಂದು ಮಾತು ನಿಮಗೆ ಹೇಳಬೇಕು. ವಾರದಲ್ಲಿ ಅವರು ನಿಮ್ಮಲ್ಲಿರುವ ಆ ಒಂದು ದಿನ ಮಾತ್ರ ನಾನು ಕಣ್ಣು ಮುಚ್ಚುವುದು. ನಿನ್ನೆ ಅವರು ನಾಲ್ಕನೇ ಸಲ ಬೀದಿಗೆ ಓಡಿದಾಗ ಎಳೆತಂದು ಕೆನ್ನೆಗೆ ಹೊಡೆದುಬಿಟ್ಟೆ. ಅವರು ಅಳಲಿಲ್ಲ. "ಇರು, ನಮ್ ಎಂಡ್ರು ಬರ್ಲಿ, ಯೋಳ್ತೀನಿ" ಎಂದು ನನ್ನೆದುರೇ ಬಾಗಿಲು ನೋಡುತ್ತ ಕೂತರು. ನನ್ನ ಕೈಯ ಮೇಲೆ ನನಗೇ ಈಗ ನಂಬಿಕೆಯಿಲ್ಲ.

ನೆಲ ಒರೆಸುವಾಗ ಅವರನ್ನು ಜಗಲಿಯಲ್ಲಿ ಕೂರಿಸಿದರೆ ಸಾಕು ಮೇಡಂ. ಗುರುವಾರ ಒಂಬತ್ತರ ಬಸ್ಸಿಗೆ ಕರೆತರುತ್ತೇನೆ. ಬೇಡವೆನ್ನುವುದಾದರೆ ಅವರೆದುರು ಹೇಳಬೇಡಿ, ನನ್ನನ್ನು ಹೊರಗೆ ಕರೆದು ಹೇಳಿ.

ಇಂತಿ,
ದೊಡ್ಡತಾಯಮ್ಮ