ಸಾಬವ್ವ, ಜನವರಿ ಒಂದು

ಮಾರ್ಚ್ 3, ಮಂಗಳವಾರ
ಮತ್ತೆ ಅದೇ ಕಾಲ್. ಆಸ್ಪತ್ರೆಯ ನೋಂದಣಿ ಸಾಫ್ಟ್‌ವೇರ್ ಒಂದು ಕಂಪನಿಯದು, ಔಷಧಿಯದು ಇನ್ನೊಂದರದು. ಒಂದನ್ನು ಕಂಡರೆ ಇನ್ನೊಂದಕ್ಕಾಗದು. ಮಾತಾಡಿಸಬೇಕಾದವಳು ನಾನು. ಒಬ್ಬರದೇ ಎರಡೆರಡು ರೆಕಾರ್ಡ್ — ಸಾವಿರಗಟ್ಟಲೆ. ಹೆಸರು, ಹುಟ್ಟಿದ ದಿನ, ಮೊಬೈಲ್ ಮೂರೂ ಹೊಂದಿದರೆ ಒಬ್ಬರೇ ಎಂದು ರೂಲ್ ಬರೆದೆ. ಹೊಸದು ಉಳಿಯುತ್ತದೆ, ಹಳೆಯದು ಹೋಗುತ್ತದೆ. ಮ್ಯಾನೇಜರ್ ಅಮೋಘನಿಗೆ ಖುಷಿ. "ಸೂಪರ್ ನಿಖಿತಾ! ಸೋಮವಾರ ಲೈವ್ ಹೋಗೋಣ."

ಮಾರ್ಚ್ 9
ಲೈವ್. ಕೇಕ್ ಕತ್ತರಿಸಿದರು. ವಿಪರೀತ ಸಿಹಿ.

ಮಾರ್ಚ್ 17
ಸಾಬವ್ವ ಎಂಬುವವರು ತೀರಿಕೊಂಡರು. ಯಾದಗಿರಿ ಕಡೆಯವರು, ಈ ಮರಾಠಿ ಊರಿನ ವಿಮಾನ ನಗರದಲ್ಲಿ ಕಟ್ಟಡದ ಕೆಲಸ. ಪೆನಿಸಿಲಿನ್ ಆಗುವುದಿಲ್ಲ ಎಂದು ನೋಂದಣಿಯಲ್ಲಿ ಬರೆಸಿದ್ದರು. ಅದೇ ಸೈಟಿನಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಸಾಬವ್ವ. ಆಕೆ ಆಮೇಲೆ ಜ್ವರಕ್ಕೆ ಬಂದು ಹೋದಳು. ನನ್ನ ರೂಲ್ ಇಬ್ಬರನ್ನೂ ಒಬ್ಬರಾಗಿಸಿತು. ಉಳಿದದ್ದು ಆಕೆಯ ಹೊಸ ರೆಕಾರ್ಡ್: ಅಲರ್ಜಿ — ಇಲ್ಲ. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟುಬಿಟ್ಟರು.
ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಆಧಾರ್‌ನಲ್ಲಿ ಜನವರಿ ಒಂದು. ಮೊಬೈಲ್ ನಂಬರ್ ಎಲ್ಲರದೂ ಅವರನ್ನು ಕೂಲಿಗೆ ಕರೆತಂದ ಮುಕಾದಮನದೇ. ನಮ್ಮಜ್ಜಿಯದೂ ಜನವರಿ ಒಂದೇ... ಗೊತ್ತಿದ್ದೂ ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ 18
"ನೀನೇ ಹೋಗು. ನನಗೂ ಕನ್ನಡ ಬರುತ್ತೆ, ಆದ್ರೆ ಹೆಣ್ಮಕ್ಕಳು ಹೇಳಿದ್ರೆ ನಂಬ್ತಾರೆ" — ಅಮೋಘ.
ಹೋದೆ. ಆಸ್ಪತ್ರೆಯವರ ಮರಾಠಿ ಕಾಗದ, ಸಾಬವ್ವನ ಗಂಡ ಲಾಲಪ್ಪನಿಗೆ ಓದಿ ಹೇಳಿ ಸಹಿ ಹಾಕಿಸಬೇಕು. ಐದನೇ ಸಾಲು: ಅಲರ್ಜಿಯ ವಿಷಯ ಮನೆಯವರು ತಿಳಿಸಿರಲಿಲ್ಲ.
ಆ ಸಾಲು ಬಿಟ್ಟು ಓದಿದೆ. ಅವರು ಹೆಬ್ಬೆಟ್ಟು ಒತ್ತಿದರು.
"ನಮ್ಮ ಮಾತಿನ್ಯಾಗ ತಿಳಿಸಿ ಹೇಳಿದ್ರಿ ಅಕ್ಕಾರ. ಪುಣ್ಯಾ ಬರ್ತದ ನಿಮಗ."

ಏಪ್ರಿಲ್ 2
ಅಪ್ರೈಸಲ್. ಕಷ್ಟದ ಸಮಯದಲ್ಲಿ ಟೀಮಿನ ಜೊತೆ ನಿಂತೆನಂತೆ. ಥ್ಯಾಂಕ್ಯೂ ಅಂದೆ. ಅಂದೆನಲ್ಲ!

ಏಪ್ರಿಲ್ 6, ಮಧ್ಯಾಹ್ನ
ಲಾಲಪ್ಪನ ಫೋನ್. ಮಗಳು ಆರತಿ ಇಲ್ಲೇ ಮರಾಠಿ ಶಾಲೆ, ಎಂಟನೇ ಕ್ಲಾಸ್. ಆ ಕಾಗದದ ಪ್ರತಿ ಓದಿದ್ದಾಳೆ.
"ಅಕ್ಕಾರ, ಆ ಸೂಜಿ ಆಗಂಗಿಲ್ಲಂತ ನಾ ಮೂರು ಸರ್ತಿ ಹೇಳೀನ್ರಿ. ಈಕಿ ಅಂತಾಳ, ಅಪ್ಪ ಹೇಳೇ ಇಲ್ಲಂತ ಬರದದ, ಅವ್ವ ನಿನ್ನಿಂದ ಸತ್ತಳು ಅಂತ. ಮೂರು ದಿನ ಆತು, ನನ್ನ ಕೂಡ ಮಾತಿಲ್ಲ. ನೀವ ಓದೀರಲ್ರಿ. ಹಂಗ ಬರದಿಲ್ಲಂತ ಈಕಿಗಿ ಒಂದು ಮಾತು ಹೇಳ್ರಿ."
ಫೋನ್ ಮಗಳ ಕೈಗೆ ಕೊಟ್ಟರು. ಹುಡುಗಿ ಕಾಯುತ್ತಿದ್ದಳು. ನಾನು—