ದಪ್ಪಗಾಗುತ್ತಿರುವ ಪೈಪು

ಮಾರ್ಚ್ 4

ಇಂದೂ ಗ್ಯಾಸ್ ಪೈಪಿನ ಸೇವೆ. ಏಣಿ ಹತ್ತು, ಜೆಲ್ ಹಚ್ಚು, ಮೀಟರ್ ಒತ್ತು, ಅಳತೆ ಬರಿ, ಇಳಿ. ಮೀಟರು ಲೋಹದೊಳಕ್ಕೊಂದು ಸದ್ದು ಕಳಿಸುತ್ತದೆ. ಅದು ಹೋಗಿ ಬರಲು ಹಿಡಿದ ಹೊತ್ತಿನಿಂದ ಪೈಪಿನ ಗೋಡೆ ಎಷ್ಟು ದಪ್ಪವೆಂದು ಹೇಳುತ್ತದೆ.

ಪೈಪು ನನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡದು, ಆದ್ದರಿಂದ ಬಹುವಚನ. ಅವರು ಅಂಗಳದಿಂದ ಹೊರಟು, ಗೋಡೆ ತೂರಿ, ವಾಲ್ವ್ ರೂಮಿನಲ್ಲಿ ಆಪರೇಟರ್ ಆಗಿರುವ ನನ್ನ ಭಾವನ ಕುರ್ಚಿಯ ನೆತ್ತಿಯ ಮೇಲೆ ಒಮ್ಮೆ ಬಾಗಿ, ಬಾಯ್ಲರಿಗೆ ದಯಮಾಡಿಸುತ್ತಾರೆ. ವರ್ಷಕ್ಕೊಮ್ಮೆ ಪವರ್ ಪ್ಲಾಂಟ್ ನಿಂತಾಗ ಆರೋಗ್ಯ ತಪಾಸಣೆ. ಈ ಸಲದ ವೈದ್ಯರು ನಾವು, ಟ್ರೈನಿ ಇಂಜಿನಿಯರ್.

ಊಟದ ಹೊತ್ತಿಗೆ ಭಾವನ ಹಣೆಗೂ ಮೀಟರ್ ಒತ್ತಿದೆ.

"ಮೂಳೆ ಉತ್ತಮ ಸ್ಥಿತಿಯಲ್ಲಿದೆ. ಒಳಗೆ ಏನೂ ಪತ್ತೆಯಾಗಲಿಲ್ಲ," ಎಂದು ಘೋಷಿಸಿದೆ.

"ನಿಮ್ಮಕ್ಕನ್ನ ಕಟ್ಕೊಂಡಾಗ್ಲೇ ಖಾಲಿ ಆಯ್ತು ಬಿಡೋ," ಅಂದರು ಭಾವ.

ಮಾರ್ಚ್ 5

ಮಹತ್ವದ ಸಂಶೋಧನೆ! ಭಾವನ ತಲೆಯ ಮೇಲಿನ ಆ ಬಾಗು... ಹೋದ ವರ್ಷ ಏಳೂವರೆ ಮಿಲಿಮೀಟರ್, ಈ ವರ್ಷ ಎಂಟು. ಮುದಿ ಲೋಹ ಸವೆಯುವ ಬದಲು ಬೆಳೆಯುತ್ತಿದೆ. ಲೋಕ ಬೆರಗಾಗಲಿ.

ವಿಭಾಗದ ಮುಖ್ಯಸ್ಥರಿಗೆ ತಿಳಿಸಿದೆ. ಯಾರು ಏನೆಂದರೂ "ಮೆಲ್ಲಗೆ" ಅನ್ನುತ್ತಾರೆ, ಅದಕ್ಕೆ ಎಲ್ಲರಿಗೂ ಅವರು ಮೆಲ್ಲಗೆ ಸಾರ್.

"ಸಾರ್, ಪೈಪು ಕೂತು ತಿಂದು ಮೈ ಬೆಳೆಸ್ಕೊಂಡಿದೆ."

"ಮೆಲ್ಲಗೆ."

ನಗಲಿಲ್ಲ. ಎದ್ದು ಬಾಗಿಲು ಹಾಕಿ ಬಂದರು. "ಎಂಟು ಅಂತ ಬಂದಿದ್ಯಲ್ಲ? ಎಂಟು ಅಂತ ಬರಿ. ಸಾಕು."

ಬಾಗಿಲು ಹಾಕುವಂಥದ್ದು ಏನಿತ್ತು?

ಮಾರ್ಚ್ 6

ಗೊತ್ತಾಯಿತು. ಬಣ್ಣ.

ಪೇಂಟರ್ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಕೇಳಿದೆ. "ಪ್ರತಿ ವರ್ಷ ಟೆಸ್ಟಿಂಗ್ ಮುಂಚೆ ಒಂದು ಕೋಟ್ ಹಳದಿ. ಕೆರೆದು ಹೊಡೀಲಾ ಅಂತೀನಿ, ಟೈಮಿಲ್ಲ, ಮೇಲೇ ಬಳಿ ಅಂತಾರೆ. ನಂದೇನು ಹೋಗ್ಬೇಕು?"

ನಾವೂ ಅದರ ಮೇಲೇ ಮೀಟರ್ ಒತ್ತುತ್ತೇವೆ. ಅಂದವಾದ ಹಳದಿ ಕೆಡಬಾರದಲ್ಲ! ಬಣ್ಣದೊಳಗೆ ಸದ್ದು ಕಾಲೆಳೆಯುತ್ತಾ ನಡೆಯುತ್ತದೆ. ಪಾಪದ ಮೀಟರು ಆ ತಡವನ್ನೂ ಲೋಹವೆಂದೇ ಎಣಿಸುತ್ತದೆ. ಬಣ್ಣ ಏರಿದಷ್ಟೂ ಪೈಪು ಪುಷ್ಟ.

ಬಾಗಿನ ಅಡಿಯಲ್ಲಿ ನಾಣ್ಯದಗಲ ಕೆರೆದೆ. ಈರುಳ್ಳಿಯ ಹಾಗೆ ಪದರ ಪದರವಾಗಿ ಬಂತು. ಬರೀ ಲೋಹಕ್ಕೆ ಮೀಟರ್ ಒತ್ತಿದೆ.

ಮೂರು ಪಾಯಿಂಟ್ ಎಂಟು.

ಆರಕ್ಕಿಂತ ಕೆಳಗಿಳಿದರೆ ಪೈಪು ಬದಲಿಸಲೇಬೇಕೆಂದು ನಿಯಮ. ತಮಾಷೆ ಸಾಕು ಎಂದು ಮೀಟರಿಗೆ ಹೇಳಿದೆ. ಅಳತೆ ಗೊತ್ತಿರುವ ಕಬ್ಬಿಣದ ತುಂಡಿನ ಮೇಲಿಟ್ಟು ಪರೀಕ್ಷಿಸಿದೆ. ಅದಕ್ಕೆ ಸರಿಯಾಗಿಯೇ ಹೇಳಿತು. ಮತ್ತೆ ಏಣಿ ಹತ್ತಿದೆ. ಮೂರು ಪಾಯಿಂಟ್ ಎಂಟು.

ಕೆಳಗೆ ಭಾವ ಕುರ್ಚಿಯಲ್ಲಿ ಕಾಲು ಚಾಚಿ ಶಿಳ್ಳೆ ಹಾಕುತ್ತಿದ್ದರು.

ಮಾರ್ಚ್ 7

ಹೊಸ ಅಳತೆ ಹೇಳಿದ್ದೇ ತಡ, ಮೆಲ್ಲಗೆ ಸಾರ್ ಕುರ್ಚಿ ಎಳೆದು ಕೂರಿಸಿದರು. ಚಹಾ ತರಿಸಿದರು. ಚಹಾ ಬಂತೆಂದರೆ ಅಪಾಯ.

"ಇದು ಮೇಲಕ್ಕೆ ಹೋದ್ರೆ ಹೊಸ ಪೈಪ್ ಹಾಕ್ತಾರೆ ಅಂದ್ಕೊಂಡ್ಯಾ? ಈ ಮುದಿ ಪ್ಲಾಂಟಿಗೆ? ಬೀಗ ಜಡೀತಾರೆ ಅಷ್ಟೆ. ನಿಮ್ಮ ಭಾವ ಎಲ್ಲಿಗೆ ಹೋಗ್ತಾನೆ? ನಿಮ್ಮಕ್ಕಂಗೆ ಈಗ ಎಷ್ಟು ತಿಂಗಳು?"

"ಏಳು."

"ನೋಡು ಮತ್ತೆ. ಕ್ವಾರ್ಟರ್ಸ್ ಬಿಡಿಸಿದ್ರೆ ಮಗೂನ ಎತ್ಕೊಂಡು ಬೀದಿಗೆ ಬರ್ತಾಳಾ?"

"ಪೈಪು ಒಡೆದ್ರೆ, ಸಾರ್?"

"ಇಷ್ಟು ವರ್ಷ ಒಡೀಲಿಲ್ವಲ್ಲ. ಹದಿನಾಲ್ಕಕ್ಕೆ ಪ್ಲಾಂಟ್ ಶುರು. ಅವತ್ತು ಬೆಳಿಗ್ಗೆ, ಎಂಟು ಅಂತಿರೋ ರಿಪೋರ್ಟಿಗೆ ನಿನ್ನ ಸಹಿ ಬೇಕು. ಕುಡಿ, ಆರುತ್ತೆ."

ಕುಡಿದೆ. ನಾಚಿಕೆಯಿಲ್ಲದೆ ಬಿಸ್ಕತ್ತೂ ತಿಂದೆ.

ಮಾರ್ಚ್ 11

ಕೆರೆದ ಜಾಗ ಮತ್ತೆ ಹಳದಿಯಾಗಿದೆ.

ಅಕ್ಕ-ಭಾವನ ಕ್ವಾರ್ಟರ್ಸ್ ಚಿಕ್ಕದು. ಎಲ್ಲಿ ಕೂತರೂ ಅಕ್ಕನ ಹೊಟ್ಟೆ ಕಾಣುತ್ತದೆ. ಎಲ್ಲಿ ನಿಂತರೂ ಕಿಟಕಿಯಲ್ಲಿ ಪ್ಲಾಂಟಿನ ಚಿಮಣಿ. ಹೇಳಿದರೆ ಇವರ ಮನೆ ಹೋಗುತ್ತದೆ, ಹೇಳದಿದ್ದರೆ ಮನುಷ್ಯನೇ ಹೋಗಬಹುದು. ನಡುವೆ ನಾನು, ಊಟದ ತಟ್ಟೆ ಹಿಡಿದುಕೊಂಡು.

ಕೊನೆಗೆ ಹೇಳಿಯೇಬಿಟ್ಟೆ. "ಭಾವ, ನಿಮ್ಮ ತಲೆ ಮೇಲಿನ ಪೈಪು ಮೂರು ಪಾಯಿಂಟ್ ಎಂಟಕ್ಕೆ ಬಂದಿದೆ. ಆರಿರಬೇಕು. ಹದಿನಾಲ್ಕಕ್ಕೆ ವಾಲ್ವ್ ತೆಗೀಬೇಡಿ."

ಭಾವ ಅಕ್ಕನ ಮುಖ ನೋಡಿದರು. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಹೋದ ತಿಂಗಳು ನನಗೆ ವರ್ಗ ಆಯ್ತು ಅಂತ ಲೆಟರ್ ಟೈಪ್ ಮಾಡಿ ತಂದಿದ್ದ. ಪೆಟ್ಟಿಗೆ ಕಟ್ಟೋಕೆ ಶುರು ಮಾಡಿದ್ದೆ ನಾನು!" ಅಂದರು ಭಾವ.

"ಈ ಸಲ ಮುಖ ಚೆನ್ನಾಗಿ ಇಟ್ಕೊಂಡಿದ್ದೀಯ ಕಣೋ," ಅಂದಳು ಅಕ್ಕ. "ಆಣೆ ಮಾಡಿದ್ರೂ ನಂಬಲ್ಲ."

ಆಣೆ ಮಾಡಿದೆ. ಇನ್ನೂ ಜೋರಾಗಿ ನಕ್ಕರು.

ಮಾರ್ಚ್ 13

ನಿಜ ಹೇಳಿದರೆ ನಗುತ್ತಾರೆ. ಸರಿ, ತಮಾಷೆಯನ್ನೇ ಮಾಡೋಣ. ನೋಟಿಸ್ ಬೋರ್ಡಿಗೆ ಅಂಟಿಸಿದ್ದು:

'ಆದರದ ಆಮಂತ್ರಣ. ದೀರ್ಘಕಾಲ ನಿಸ್ವಾರ್ಥ ಸೇವೆ ಸಲ್ಲಿಸಿ, ಈಗ ಒಳಗೊಳಗೇ ಕರಗಿರುವ ಗ್ಯಾಸ್ ಪೈಪಿನವರ ಬೀಳ್ಕೊಡುಗೆ. ನಾಳೆ ಬೆಳಿಗ್ಗೆ, ವಾಲ್ವ್ ರೂಮ್. ಅಧಿಕಾರಿಗಳಿಗೆ ಪೈಪಿನ ನೇರ ಕೆಳಗೆ ಆಸನ ವ್ಯವಸ್ಥೆ ಇದೆ. ವಾಲ್ವ್ ತೆರೆಯುವ ತನಕ ಕೂತಿದ್ದು ಶೋಭೆ ತರಬೇಕು.'

ಮಧ್ಯಾಹ್ನದೊಳಗೆ ಯಾರೋ ಹರಿದರು. ಆದರೆ ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ಮಾರ್ಚ್ 14, ಬೆಳಿಗ್ಗೆ

ಪೈಪಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಖಾಲಿ ಕುರ್ಚಿ. ಭಾವ ವಾಲ್ವಿನ ಚಕ್ರದ ಮೇಲೆ ಕೈಯಿಟ್ಟು ಕಂಟ್ರೋಲ್ ರೂಮಿನ ಫೋನಿಗೆ ಕಾಯುತ್ತಿದ್ದಾರೆ. "ಮುಖ್ಯ ಅತಿಥಿಗಳು ಎಲ್ಲಪ್ಪ?" ಎಂದು ನನ್ನನ್ನು ಕಿಚಾಯಿಸುತ್ತಾ.

ಮೆಲ್ಲಗೆ ಸಾರ್ ಬಂದರು! ಹೊಸ್ತಿಲಾಚೆಯೇ ನಿಂತು ಕಾಗದ ಚಾಚಿದರು.

"ಸಹಿ ಹಾಕು."

"ಹಾಕ್ತೀನಿ ಸಾರ್. ಬನ್ನಿ, ಇಲ್ಲಿ ಕೂತ್ಕೊಳ್ಳಿ. ಭಾವ ಗ್ಯಾಸ್ ಬಿಡ್ಲಿ. ಆಮೇಲೆ ನಿಮ್ಮ ಪೆನ್ನಲ್ಲೇ ಹಾಕ್ತೀನಿ."

"ಹುಡುಗಾಟ ಆಡ್ಬೇಡ."

ಭಾವ ನಕ್ಕರು. "ಕೂತ್ಕೊಳ್ಳಿ ಸಾರ್, ಅವನ ಆಸೆ ಯಾಕೆ ಕೆಡಿಸ್ತೀರ? ಎರಡು ನಿಮಿಷದ ಕೆಲಸ."

"ಇಲ್ಲ ಇಲ್ಲ. ನನಗೆ ಮೀಟಿಂಗಿದೆ."

"ಪ್ಲಾಂಟ್ ಶುರುವಾಗೋ ಹೊತ್ತಲ್ಲಿ ಯಾವ ಮೀಟಿಂಗು ಸಾರ್?" ಅಂದರು ಭಾವ.

ಒಂದು ಗಳಿಗೆ ಸಾರ್ ಅವರ ಕಣ್ಣು ಪೈಪಿನ ಬಾಗಿನ ಕಡೆ ಹೋಗಿ ಬಂತು. ಅಷ್ಟೇ. ಭಾವನೂ ತಲೆಯೆತ್ತಿ ಅಲ್ಲಿಗೇ ನೋಡಿದರು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಇಳಿಯಿತು.

ಸಹಿಯಿಲ್ಲದ ಕಾಗದ ಮಡಚಿಕೊಂಡು ಸಾರ್ ಹೊರಟುಹೋದರು. ಬಿರಬಿರನೆ.

ಭಾವ ಚಕ್ರದಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. "ಅವತ್ತು ಎಷ್ಟು ಅಂದೆ?"

"ಮೂರು ಪಾಯಿಂಟ್ ಎಂಟು."

"ಎಷ್ಟಿರಬೇಕು?"

"ಆರು."

ಫೋನು ಹೊಡೆದುಕೊಳ್ಳುತ್ತಿದೆ. ನಿಂತಿತು. ಮತ್ತೆ ಹೊಡೆದುಕೊಳ್ಳುತ್ತಿದೆ. ಭಾವ ಅದನ್ನೇ ನೋಡುತ್ತಿದ್ದಾರೆ, ಅಕ್ಕನ ಜೊತೆ ಮಾತಾಡುವವರ ಹಾಗೆ ತುಟಿ ಆಡುತ್ತಿದೆ. ಎತ್ತಿದರು.

"ಸಾರ್... ನಾನು ಇದನ್ನ ತೆಗೆಯಲ್ಲ."