ಒಂಟಿ ಪಟ್ಟಿಯ ಬ್ಯಾಗು, ಜೋಡಿ ಪಟ್ಟಿಯ ಬ್ಯಾಗು

ಜೂನ್ 3, ಸೋಮವಾರ

ಮತ್ತೆ ಲೇಟು. ಕ್ಲಿಪ್ಪು ಸಿಗಲಿಲ್ಲ. ನನ್ನದಲ್ಲ, ಮಗಳ ಕೂದಲಿನದು. ನಲವತ್ತು ದಾಟುವ ತನಕ ಒಂದೇ ಬಾಚಣಿಗೆ ನಂಬಿ ಬದುಕಿದವನು, ಮದುವೆಯಾಗಿ ನಾಲ್ಕು ತಿಂಗಳಿಗೆ ಬೆಳಿಗ್ಗೆ ಬೆಳಿಗ್ಗೆ ಮಂಚದ ಕೆಳಗೆ ತೆವಳಿ ಹಳದಿ ಕ್ಲಿಪ್ಪು ಹುಡುಕುತ್ತಿದ್ದೇನೆ. ಸಿಕ್ಕಿತು. ಜಡೆ ಸೊಟ್ಟ. ಅವಳೇನೂ ಅನ್ನಲಿಲ್ಲ. ಅವಳು ಏನೂ ಅನ್ನುವುದೇ ಇಲ್ಲ.

ಇವಳದು, ನನ್ನ ಹೆಂಡತಿಯದು, ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಶಿಫ್ಟು. ನಾವು ಏಳುವ ಹೊತ್ತಿಗೆ ಹೊರಟಿರುತ್ತಾಳೆ. ಹಾಗಾಗಿ ಮಗಳನ್ನು ಶಾಲೆಗೆ ಬಿಡುವುದು ನನ್ನ ಪಾಲಿಗೆ. ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಅವಳು, ನನ್ನ ಬೆನ್ನ ಮೇಲೆ ಅಡ್ಡಕ್ಕೆ ಒಂಟಿ ಪಟ್ಟಿಯ ಮೆಸೆಂಜರ್ ಬ್ಯಾಗು, ಬ್ಯಾಗಿನೊಳಗೆ ಊರವರ ಹಲ್ಲು. ಕ್ಲಿನಿಕ್ಕುಗಳಿಂದ ಅಚ್ಚು ತರುವುದು, ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು, ವಾಪಸ್ ತಲುಪಿಸುವುದು. ಇಷ್ಟು ವರ್ಷ ಇದೇ ನನ್ನ ಬಾಳು.

ಅವಳ ಅಮ್ಮ ಅವಳನ್ನು ಇಣಚಿ ಅನ್ನುತ್ತಾಳೆ. ಅಳಿಲಿನ ಹಾಗೆ ಪೆನ್ಸಿಲ್ಲೆಲ್ಲ ಕಡಿದು ಹಾಕುತ್ತಾಳಲ್ಲ, ಅದಕ್ಕೆ. ಆರು ವರ್ಷ. ಅವಳಪ್ಪ ತೀರಿಕೊಂಡಾಗ ಇನ್ನೂ ಅಂಬೆಗಾಲಂತೆ. ನನ್ನನ್ನು ಏನೂ ಕರೆಯುವುದಿಲ್ಲ. ಅಂಕಲ್ ಕೂಡ ಇಲ್ಲ, ಅಪ್ಪ ದೂರದ ಮಾತು. ಬಾಯಾರಿದರೆ "ನೀರು ಬೇಕಿತ್ತು" ಎಂದು ಗೋಡೆಗೆ ಹೇಳುತ್ತಾಳೆ. ನಾನು ಗೋಡೆಯ ಪರವಾಗಿ ಎದ್ದು ಕೊಡುತ್ತೇನೆ.

ಸೈಕಲ್ಲಿನಲ್ಲೂ ನನ್ನನ್ನು ಹಿಡಿಯುವುದಿಲ್ಲ. ಎರಡೂ ಕೈಯಲ್ಲಿ ಸೀಟಿನ ಕಂಬಿ. ಹಿಡ್ಕೋ ಅಂತ ಹೇಳಿ ಹಿಡಿಸಿಕೊಳ್ಳುವ ಸಂಗತಿಯೇ ಇದು? ಹೇಳಿಲ್ಲ.

ನನ್ನ ಪಾಡಿಗೆ ನಾನು ಗೊಣಗುತ್ತ ಹೋಗುತ್ತೇನೆ. ಒಂಟಿ ಇದ್ದ ಕಾಲದ ಚಟ. ಮೊದಲು ಮೇಲಿನ ಸೆಟ್ಟು... ಆಮೇಲೆ ಗಡ್ಡದ ಡಾಕ್ಟರಿಗೆ ಹಲ್ಲಿನ ಕ್ಯಾಪು... ಗಾಳಿಗೆ ಯಾರಿಗೂ ಕೇಳಿಸುವುದಿಲ್ಲ. ಬ್ಯಾಗು ಮಾತ್ರ, ಎಷ್ಟು ಬಿಗಿ ಮಾಡಿದರೂ ಪಕ್ಕಕ್ಕೆ ಜಾರುತ್ತದೆ. ಅದರ ಮೂಲೆಯೊಂದು ಬೆನ್ನಿಗೆ ಮೆತ್ತಗೆ ಒತ್ತುತ್ತಲೇ ಇರುತ್ತದೆ. ಹಳೇ ಬ್ಯಾಗು. ಅದಕ್ಕೂ ವಯಸ್ಸಾಯಿತು.

ಜೂನ್ 5, ಬುಧವಾರ

ಕೆಟ್ಟ ದಿನ.

ಶಾಲೆ ಗೇಟಿನಲ್ಲಿ ತಿರುಗುವಾಗ ಬ್ಯಾಗು ಪೂರ್ತಿ ಸೊಂಟದ ಪಕ್ಕಕ್ಕೆ ಬಂದು ಕಬ್ಬಿಣದ ಕಂಬಕ್ಕೆ ಬಡಿಯಿತು. ಟಕ್ ಅಂದಿತು. ಡಬ್ಬಿ ತೆಗೆದು ನೋಡಿದರೆ ಕೆಳಗಿನ ಸೆಟ್ಟಿನ ಮುಂದಿನ ಹಲ್ಲೊಂದು ಎಗರಿದೆ, ವಸಡಿನ ಭಾಗಕ್ಕೂ ಬಿರುಕು. ತಿಂಗಳುಗಟ್ಟಲೆ ಬೊಚ್ಚುಬಾಯಲ್ಲಿ ಕಾದ ಅಜ್ಜಿಯೊಬ್ಬರದು. ಇವತ್ತೇ ಕೊಡಬೇಕಿತ್ತು.

ಇಣಚಿ ಪಕ್ಕದಲ್ಲೇ ನಿಂತಿದ್ದಳು, ಮುಖ ಬಿಳಿಚಿಕೊಂಡು. ಪಾಪ, ಹೆದರಿದಳೇನೋ ಎಂದು ತಮಾಷೆ ಮಾಡಲು ಹೋದೆ. "ನೋಡು, ಅಜ್ಜೀದು ಒಂದು ಹಲ್ಲು ಹೋಯ್ತು" ಎಂದೆ. ಒಳಗೆ ಓಡಿಬಿಟ್ಟಳು.

ಲ್ಯಾಬಿನ ಓನರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಆ ಅಜ್ಜಿಗೆ ಎರಡೂ ಸಿಕ್ಕಿತ್ತು ಕಣಯ್ಯಾ. ನೀನು ತಗೊಂಡು ಹೋಗಿ ಗೇಟಿಗೆ ಗುದ್ದಿದೆ. ಆ ಜೋಳಿಗೆ ಬಿಸಾಕಿ ಒಂದು ಬ್ಯಾಕ್‌ಪ್ಯಾಕ್ ತಗೋ. ಇನ್ನೊಂದ್ಸಲ ಹೀಗಾದ್ರೆ ಡೆಲಿವರಿಗೆ ಬೇರೆಯವರನ್ನ ಇಟ್ಕೋತೀನಿ."

ಡೆಲಿವರಿ ಹೋದರೆ ನಾನು ಬೆಳಗಾಗುತ್ತಲೇ ಲ್ಯಾಬಿಗೆ ಬಂದು ಕೂರಬೇಕು. ಇಣಚಿಗೆ ಶಾಲೆಯ ವ್ಯಾನು. ನಾನು ಹೆದರಿದ್ದು ಅದಕ್ಕೆ. ಆ ಹುಡುಗಿ ದಿನದಲ್ಲಿ ನನ್ನ ಹತ್ತಿರ ಕೂರುವುದೇ ಆ ಒಂದು ಸವಾರಿಯಲ್ಲಿ. ಮಾತಿಲ್ಲ ಕತೆಯಿಲ್ಲ, ಸರಿ. ಆದರೂ ಹಿಂದೆ ಕೂತಿರುತ್ತಾಳಲ್ಲ!

ಜೂನ್ 6, ಗುರುವಾರ

ಊಟಕ್ಕೆ ಕೂತಾಗ ಇವಳು ಕೇಳಿದಳು: "ಹಲ್ಲಿನ ಕತೆ ಏನಾಯ್ತು?"

"ಏನಾಗತ್ತೆ, ಹೊಸದು ಮಾಡ್ತಿದೀನಿ. ಅಲ್ಲೀತನಕ ಅಜ್ಜಿ ಮೆತ್ತಗಿರೋದನ್ನೇ ತಿನ್ಕೊಂಡಿರಬೇಕು. ಎಲ್ಲಾ ಆ ಬ್ಯಾಗಿಂದ."

ಇಣಚಿ ತಟ್ಟೆ ನೋಡುತ್ತ ಕೂತಿದ್ದಳು. ಅರ್ಧ ಊಟ ಬಿಟ್ಟು ಎದ್ದಳು.

ಅವಳ ಮುಂದಿನ ಹಲ್ಲು ಅಲ್ಲಾಡುತ್ತಿದೆಯಂತೆ. ಕೆಳಗಿನ ಮನೆಯ ಟೈಲರಮ್ಮನಿಗೆ ತೋರಿಸಿದ್ದಾಳೆ. ಶಾಲೆಯ ವಾಚ್‌ಮ್ಯಾನಿಗೂ ತೋರಿಸಿದ್ದಾಳಂತೆ. ಮನೆಯಲ್ಲೇ ಹಲ್ಲಿನವನೊಬ್ಬ ಇದ್ದಾನೆ, ಅವನಿಗೊಬ್ಬನಿಗೆ ಇಲ್ಲ. ಹೊಟ್ಟೆಕಿಚ್ಚಾಯಿತು. ನಿಜ, ವಾಚ್‌ಮ್ಯಾನಿನ ಮೇಲೆ.

ಜೂನ್ 8, ಶನಿವಾರ

ಸೈಕಲ್ ಅಂಗಡಿ ತಾತನ ಹತ್ತಿರ ಹೋಗಿ ಬಂದೆ. ಮಾರುವುದಕ್ಕಿಂತ ವಾದ ಮಾಡುವುದರಲ್ಲಿ ಆಸಕ್ತಿ ಆ ಮನುಷ್ಯನಿಗೆ. ಎರಡು ಬ್ಯಾಗು ಕೌಂಟರ್ ಮೇಲಿಟ್ಟು ಲಾಯರ್ ಥರ ಶುರು ಮಾಡಿದ.

"ನೋಡಿ ಸ್ವಾಮಿ, ಮೆಸೆಂಜರ್ ಬ್ಯಾಗು ಅಂದ್ರೆ ಸಲೀಸು. ಕಾಲು ಊರಿ ನಿಂತ್ಕೊಂಡು, ಮುಂದಕ್ಕೆ ಎಳ್ಕೊಂಡು, ಕೈ ಹಾಕಿ ಸಾಮಾನು ತೆಗೀಬಹುದು. ಬೆನ್ನಿಗೂ ಗಾಳಿ. ಆದ್ರೆ ಭಾರ ಎಲ್ಲಾ ಒಂದೇ ಹೆಗಲಿಗೆ, ತಿರುಗೋವಾಗ ಓಲಾಡತ್ತೆ. ಬ್ಯಾಕ್‌ಪ್ಯಾಕ್ ಹಾಗಲ್ಲ. ಭಾರ ಹಂಚಿಕೊಳ್ಳತ್ತೆ, ಅಲ್ಲಾಡಲ್ಲ. ಆದ್ರೆ ಇಳಿಯೋ ಹೊತ್ತಿಗೆ ಬೆನ್ನು ಒದ್ದೆ ಬಟ್ಟೆ."

"ಹಾಗಾದ್ರೆ ಯಾವುದು ತಗೊಳ್ಳಲಿ?"

"ಅದು ನಿಮ್ಮಿಷ್ಟ."

ಇಷ್ಟು ಹೇಳಲು ಇಷ್ಟೆಲ್ಲ!

ಬ್ಯಾಕ್‌ಪ್ಯಾಕನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ, ನಡುಮಧ್ಯೆ, ಒಂದು ಹಿಡಿ. ಗಟ್ಟಿ, ಮೆತ್ತನೆ ಬಟ್ಟೆ ಸುತ್ತಿದ್ದು. ಸರಿಯಾಗಿ ಇಣಚಿಯ ಕೈಯೆತ್ತರಕ್ಕೆ. ನನ್ನನ್ನು ಹಿಡಿಯಲು ಅವಳಿಗೆ ಮನಸ್ಸಿಲ್ಲ, ಇರಲಿ. ಕಂಬಿಗಿಂತ ಇದು ವಾಸಿ, ಬೀಳುವುದಿಲ್ಲ. ಅಲ್ಲೇ ತೀರ್ಮಾನ ಮಾಡಿದೆ. ಹಲ್ಲೂ ಉಳಿಯಿತು, ಸವಾರಿಯೂ ಉಳಿಯಿತು, ಮಗುವಿಗೆ ಹಿಡಿಯೂ ಸಿಕ್ಕಿತು. ಸೀಟಿ ಹೊಡೆಯುತ್ತ ಬಂದೆ.

ಜೂನ್ 10, ಸೋಮವಾರ

ಹೊಸ ಬ್ಯಾಗು ಹಾಕಿಕೊಂಡು ಮದುಮಗನಂತೆ ನಿಂತೆ. "ನೋಡಿಲ್ಲಿ, ಇದು ನಿಂಗೋಸ್ಕರಾನೇ. ಇದನ್ನ ಹಿಡ್ಕೋ."

ಇಣಚಿ ಬ್ಯಾಗನ್ನು ನೋಡಿದಳು, ನನ್ನನ್ನು ನೋಡಿದಳು. "ಹಳೇದು ಎಲ್ಲಿ?"

"ಅದು ಬೇಡ ಇನ್ಮೇಲೆ."

ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಕೂತಳು. ಬ್ಯಾಗು ಒಂದಿಷ್ಟೂ ಜಾರಲಿಲ್ಲ. ಒಳ್ಳೆಯ ಬ್ಯಾಗು. ಮೂಲೆ ಕೂಡ ಒತ್ತಲಿಲ್ಲ. ಬೆನ್ನೆಲ್ಲ ಬೆವರು.

ಜೂನ್ 13, ಗುರುವಾರ

ಬ್ಯಾಗು ಚೆನ್ನಾಗಿದೆ. ಹಲ್ಲುಗಳು ಸುಖವಾಗಿವೆ. ಓನರಿಗೂ ಖುಷಿ.

ಇಣಚಿ ಬೆಳಿಗ್ಗೆ "ನಾನು ವ್ಯಾನಲ್ಲಿ ಹೋಗ್ಲಾ?" ಎಂದು ಅವರಮ್ಮನಿಗೆ ಫೋನಿನಲ್ಲಿ ಕೇಳುತ್ತಿದ್ದಳು. ನಾನು ಬಚ್ಚಲಲ್ಲಿದ್ದೆ. ನಲ್ಲಿ ನಿಲ್ಲಿಸಿದೆ. ಬೇಕಿತ್ತಾ ನನಗೆ, ಬಿಟ್ಟಿದ್ದರೆ ಕೇಳಿಸುತ್ತಲೇ ಇರಲಿಲ್ಲ.

ಜೂನ್ 19, ಬುಧವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ.

ಇವಳು ಇವತ್ತು ಬಟ್ಟೆ ಮಡಚುತ್ತ ಅಂದಳು: "ಅವಳಿಗೆ ಸ್ವಲ್ಪ ಟೈಮ್ ಕೊಡಿ. ಮದುವೆಗೆ ಮುಂಚೆ ನಂಗೂ ನಿಮ್ಮ ಜೊತೆ ಮಾತಾಡೋಕೆ ಒಂದು ವರ್ಷ ಬೇಕಾಯ್ತಲ್ಲ."

"ನೀನು ವ್ಯಾನ್ ಕೇಳಲಿಲ್ಲ."

ನಕ್ಕಳು. ನನಗೆ ನಗು ಬರಲಿಲ್ಲ. ಸೋಮವಾರದಿಂದ ವ್ಯಾನಿಗೆ ಹೇಳೋಣ ಎಂದೆ. ಮಗುವನ್ನು ಹಿಂಸೆ ಮಾಡಿ ಹಿಂದೆ ಕೂರಿಸಿಕೊಳ್ಳುವುದು ಯಾವ ಸಂಭ್ರಮಕ್ಕೆ?

ಹಲ್ಲು ಬಿತ್ತಂತೆ ಮಧ್ಯಾಹ್ನ. ಎಲ್ಲಿ ಅಂದರೆ "ಕಳೆದುಹೋಯ್ತು" ಅಂದಳಂತೆ ಅಮ್ಮನಿಗೆ. ಊರಿಗೆಲ್ಲ ತೋರಿಸಿದ ಹಲ್ಲು ಕಳೆದುಕೊಳ್ಳುವ ಜಾತಿಯಲ್ಲ ಅವಳು. ಇರಲಿ.

ಜೂನ್ 20, ಗುರುವಾರ. ಲ್ಯಾಬು, ಊಟದ ಹೊತ್ತು

ಊಟ ಬಿಟ್ಟು ಬರೆಯುತ್ತಿದ್ದೇನೆ.

ಅಜ್ಜಿಯ ಹೊಸ ಸೆಟ್ಟು ಇವತ್ತು ಕೊಡುವುದಿತ್ತು. ನೆನ್ನೆಯೇ ಪಾಲಿಶ್ ಮಾಡಿ, ಬಣ್ಣ ಇನ್ನೊಮ್ಮೆ ಹೋಲಿಸೋಣ ಎಂದು ಡಬ್ಬಿ ಮನೆಗೆ ಒಯ್ದಿದ್ದೆ. ಕೊಡುವ ಮುಂಚೆ ಓನರ್ ತೆಗೆದು ನೋಡಿ, "ಏನಯ್ಯಾ ಇದು, ಯಾವ ಕ್ಲಿನಿಕ್ ಕೇಸು?" ಎಂದರು.

ಹತ್ತಿಯ ಮೇಲೆ ಸೆಟ್ಟಿನ ಪಕ್ಕ ಒಂದು ಪುಟ್ಟ ಹಲ್ಲು. ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು. ತೊಳೆದು ಇಟ್ಟಿದ್ದಾರೆ. ಹಾಲುಹಲ್ಲು, ಕೆಳಗಿನದು, ಮುಂದಿನದು. ಅವತ್ತು ಮುರಿದದ್ದೂ ಕೆಳಗಿನ ಮುಂದಿನ ಹಲ್ಲೇ.

ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಒಂದೊಂದೇ. ಗೇಟಿನ ಹತ್ತಿರ ಬಿಳಿಚಿದ ಮುಖ. ತಟ್ಟೆ ನೋಡುತ್ತ ಕೂತದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನೆದುರೇ ಹೆಗಲು ಮುಟ್ಟಿಕೊಂಡಿತ್ತು ಮಗು, ನಾನು ಬ್ಯಾಗಿನ ಪಟ್ಟಿ ನೋಡುತ್ತಿದ್ದೆ. ಆದರೆ ಅವಳ ತಪ್ಪೇನು ಅದರಲ್ಲಿ? ಅದು ಇನ್ನೂ ಗೊತ್ತಾಗುತ್ತಿಲ್ಲ.

ಅದೇ ದಿನ, ಸಂಜೆ

ಬ್ಯಾಗು ಮನೆಯಲ್ಲೇ ಇಳಿಸಿಟ್ಟೆ. "ಬಾ, ಟೈರಿಗೆ ಗಾಳಿ ಹೊಡೆಸ್ಕೊಂಡು ಬರೋಣ" ಎಂದೆ. ಬಂದಳು. ಕಂಬಿ ಹಿಡಿದು ಕೂತಳು.

ಮುಖ ನೋಡಿ ಕೇಳಿದ್ದರೆ ಹೇಳುತ್ತಿರಲಿಲ್ಲ. ಬೆನ್ನಿಗೆ ಹೇಳುವುದು ಸುಲಭ. ತುಳಿಯುತ್ತ, ಗಾಳಿಗೆ ಹೇಳುವ ಹಾಗೆ ಅಂದೆ: "ಡಬ್ಬೀಲಿ ಒಂದು ಹಲ್ಲು ಸಿಕ್ತು. ಭಾರೀ ಚೆನ್ನಾಗಿದೆ."

ತಿರುವು ದಾಟಿದ ಮೇಲೆ ಹಿಂದಿನಿಂದ ಕೇಳಿಸಿತು:

"ಅಜ್ಜಿಗೆ ಸರಿಹೋಯ್ತಾ?"

"ಒಂಚೂರು ಚಿಕ್ಕದಾಯ್ತು."

"ಅವತ್ತು ಅದು ನಾನೇ ಮುರಿದಿದ್ದು. ಬ್ಯಾಗು ನಾನೇ ತಲೇಲಿ ತಳ್ಳಿದ್ದು. ದಿನಾ ತಳ್ತಿದ್ದೆ."

"ಯಾಕೆ?"

"ರೇಡಿಯೋ ಕೇಳೋದಕ್ಕೆ."

"ಯಾವ ರೇಡಿಯೋ?"

"ನಿಮ್ಮ ಬೆನ್ನಲ್ಲಿ ಇದೆಯಲ್ಲ. ಕಿವಿ ಇಟ್ರೆ ಒಳಗೆ ಗುಂಯ್ ಅಂತ ಮಾತಾಡತ್ತೆ. ಮೇಲಿನ ಸೆಟ್ಟು, ಗಡ್ಡದ ಡಾಕ್ಟ್ರು ಅಂತ. ನಿಮಗೆ ಗೊತ್ತಾಗಬಾರ್ದು ಅಂತ ಮೆತ್ತಗೆ ಇಡ್ತಿದ್ದೆ."

ಮೂಲೆ! ಇಷ್ಟು ದಿನ ಬ್ಯಾಗಿನ ಮೂಲೆ ಅಂದುಕೊಂಡಿದ್ದು ಅವಳ ಕೆನ್ನೆ.

ನಾನು ಇನ್ನೂ ಅದನ್ನು ಅರಗಿಸಿಕೊಳ್ಳುತ್ತಿದ್ದೆ, ಆಗ ಹಿಂದಿನಿಂದ, ತೀರಾ ಸಣ್ಣ ದನಿಯಲ್ಲಿ: "ಅದಕ್ಕೇ ತಾನೇ ಹೊಸ ಬ್ಯಾಗು ತಂದಿದ್ದು? ನಾನು ನಿಮಗೆ ತಾಗಬಾರ್ದು ಅಂತ."

ಬ್ರೇಕು ಹಾಕಿದೆ. ಫುಟ್‌ಪಾತಿಗೆ ಕಾಲೂರಿ ತಿರುಗಿದೆ. ಅವಳು ಅಳುತ್ತಿರಲಿಲ್ಲ, ಕಾಯುತ್ತಿದ್ದಳು. ಅಳುತ್ತಿದ್ದವನು ನಾನು.

"ಇಲ್ಲ ಪುಟ್ಟಾ, ಅಯ್ಯೋ ಇಲ್ಲ. ನೀನು ನನ್ನ ಹಿಡ್ಕೊಳ್ಳೋದೇ ಇಲ್ವಲ್ಲ. ನಿಂಗೆ ಇಷ್ಟ ಇಲ್ಲ ಅಂದ್ಕೊಂಡೆ. ಅದಕ್ಕೆ ಹಿಡಿ ಇರೋ ಬ್ಯಾಗು ತಂದೆ."

ಹಲ್ಲು ಬಿದ್ದ ಹೊಸ ಕಿಂಡಿಯಲ್ಲಿ ನಾಲಿಗೆ ತೂರಿಸಿ ಯೋಚಿಸಿದಳು. "ನಿಮ್ಮನ್ನ ಹಿಡ್ಕೋ ಅಂತ ನೀವು ಹೇಳ್ಲೇ ಇಲ್ಲ."

"ಹಿಡ್ಕೋ."

ಹಿಡಿದುಕೊಂಡಳು. ಶರಟಿನ ಎರಡೂ ಕಡೆ, ಮುಷ್ಟಿ ತುಂಬ. ಮನೆ ತನಕ ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಮಾತು ಮುಗಿದಾಗ ಹಲ್ಲುಗಳ ಹೆಸರು ಹೇಳಿದೆ, ಕೋರೆಯಿಂದ ದವಡೆತನಕ. ಟೈರಿಗೆ ಗಾಳಿ ಹೊಡೆಸುವುದು ಮರೆತೇಹೋಯಿತು.

ಜೂನ್ 21, ಶುಕ್ರವಾರ

ಯಾವ ಬ್ಯಾಗು ಅನ್ನುವ ಪ್ರಶ್ನೆ ಬಗೆಹರಿಯಿತು. ಬ್ಯಾಕ್‌ಪ್ಯಾಕೇ, ಆದರೆ ಹೊಟ್ಟೆ ಮೇಲೆ. ಪಟ್ಟಿ ಎರಡೂ ಬಿಗಿದು ಎದೆಗೆ ಏರಿಸಿಕೊಂಡರೆ ಮಂಡಿಗೂ ತಾಗುವುದಿಲ್ಲ. ಬೆನ್ನು ಖಾಲಿ. ಅಂದರೆ ಖಾಲಿಯಲ್ಲ.

ಓನರ್ ಬಾಗಿಲಲ್ಲೇ ಕೇಳಿದರು: "ಎಷ್ಟನೇ ತಿಂಗಳು?"

"ದಿನ ತುಂಬಿದೆ" ಎಂದೆ. ಹಲ್ಲುಗಳನ್ನು ಒಂದೊಂದಾಗಿ ಹೊರತೆಗೆದು ಕೊಟ್ಟೆ. ಒಂದಕ್ಕೂ ಗೀರಿಲ್ಲ.

ಸಂಜೆ, ಸೆಟ್ಟಿಗೆ ಕಲಸಿ ಉಳಿದ ಗುಲಾಬಿ ಬಣ್ಣದ ಮಿಶ್ರಣದಲ್ಲಿ ಒಂದು ಪುಟ್ಟ ವಸಡು ಮಾಡಿ, ಇಣಚಿಯ ಹಲ್ಲನ್ನು ಅದರಲ್ಲಿ ಕೂರಿಸಿ, ಪಾಲಿಶ್ ಮಾಡಿ ಕೊಟ್ಟೆ. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಹೆದರಿ ಯಾವ ಹಲ್ಲನ್ನೂ ಕೂರಿಸಿರಲಿಲ್ಲ. ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದಳು.

ವ್ಯಾನಿಗೆ ಬೇಡ ಅಂತ ಹೇಳಿಯಾಯಿತು.

ಜೂನ್ 23, ಭಾನುವಾರ

ಟೈಲರಮ್ಮ ಮೆಟ್ಟಿಲಲ್ಲಿ ತಡೆದು, "ನಿಮ್ಮ ಹುಡುಗಿ ಬೀದಿಗೆಲ್ಲಾ ಹಲ್ಲು ತೋರಿಸ್ತಾ ಇದಾಳೆ. 'ನಮ್ಮಪ್ಪ ಮಾಡಿಕೊಟ್ಟಿದ್ದು' ಅಂತಾಳೆ" ಎಂದರು.

ಇನ್ನೊಮ್ಮೆ ಹೇಳಿ ಎಂದೆ. ಪಾಪ, ಕಿವಿ ಮಂದ ಅಂದುಕೊಂಡು ಜೋರಾಗಿ ಹೇಳಿದರು.

ನನ್ನೆದುರು ಇನ್ನೂ ಗೋಡೆಗೇ ನೀರು ಕೇಳುತ್ತಾಳೆ. ಪರವಾಗಿಲ್ಲ. ಗೋಡೆಯೂ ನಾನೂ ಒಂದೇ ಮನೆಯವರು.

ಜೂನ್ 24, ಸೋಮವಾರ, ಬೆಳಿಗ್ಗೆ

ಬರೆಯಲು ಹೊತ್ತಿಲ್ಲ. ಕ್ಲಿಪ್ಪು ಸಿಕ್ಕಿತು, ಜಡೆ ಇವತ್ತೂ ಸೊಟ್ಟ. ಬ್ಯಾಗು ಹೊಟ್ಟೆ ಮೇಲೆ, ಅದರ ಮೇಲೇ ಇದನ್ನಿಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಇಣಚಿ ಆಗಲೇ ಕೆಳಗಿಳಿದು ಸೈಕಲ್ ಬೆಲ್ಲು ಬಾರಿಸುತ್ತಿದ್ದಾಳೆ, ಒಂದೇ ಸಮ. ಟೈಲರಮ್ಮ ಎದ್ದಿರಬೇಕು ಪಾಪ.

ಬೆಲ್ಲು ನಿಂತಿತು.

ಕೂಗುತ್ತಿದ್ದಾಳೆ. ಕೆಳಗಿನಿಂದ, ಇಡೀ ಬೀದಿಗೆ ಕೇಳುವ ಹಾಗೆ. ಗೋಡೆಗಲ್ಲ. ಎರಡೇ ಅಕ್ಷರ. ಮತ್ತೆ ಅದೇ ಎರಡಕ್ಷರ, ಇನ್ನೂ ಜೋರಾಗಿ — ಇದನ್ನು ಸರಿಯಾಗಿ ಕೂತು ಬರೆಯಬೇಕು, ಆಮೇಲೆ. ಕರೆದರೆ ಮೊದಲು ಓ ಅನ್ನಬೇಕು. ಓ... ಬಂದೆ, ಬಂ